ಮೇಲ್ಮನವಿ ಗೆದ್ದರೆ ವಕೀಲರ ಖರ್ಚು ವಾಪಸ್ ಬರುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನದವನು, ಈಗ ಬ್ರಿಟನ್ನಿನ ಲೆಸ್ಟರ್‌ನಲ್ಲಿದ್ದೇನೆ. ಹೆಂಡತಿಯ ವೀಸಾ ತಿರಸ್ಕೃತವಾಗಿ, ಮೊದಲ ಹಂತದ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಿದ್ದೆವು. ಶುಲ್ಕ 140 ಪೌಂಡ್, ವಕೀಲರಿಗೆ 2,600 ಪೌಂಡ್ ಆಯಿತು. ಕಳೆದ ವಾರ ಗೆದ್ದೆವು. ಊರಿನಲ್ಲಿ ಅಪ್ಪನ ಜಮೀನಿನ ವ್ಯಾಜ್ಯದ ತೀರ್ಪಿನಲ್ಲಿ ‘ದಾವಾ ಖರ್ಚು ಸಹಿತ’ ಎಂದು ಬರೆದಿದ್ದರು. ಇಲ್ಲಿ ಆ ಮಾತೇ ಇಲ್ಲ. ಕೇಳಿ ಪಡೆಯಬಹುದೇ?

ಉತ್ತರ: ಮನೆಯವರು ಬಂದು ಸೇರುವ ದಿನ ಹತ್ತಿರವಾಯಿತು, ಬಹಳ ಸಂತೋಷ. ಆದರೆ ಆ 2,600 ಪೌಂಡ್ ಸಾಮಾನ್ಯವಾಗಿ ಬರುವುದಿಲ್ಲ. ವಲಸೆ ನ್ಯಾಯಮಂಡಳಿಯಲ್ಲಿ ಗೆದ್ದವರೂ ಸೋತವರೂ ತಮ್ಮ ತಮ್ಮ ವಕೀಲರ ಖರ್ಚನ್ನು ತಾವೇ ಹೊರುತ್ತಾರೆ. ಈ ನ್ಯಾಯಮಂಡಳಿಯ 2014ರ ನಿಯಮಾವಳಿಯ 9ನೇ ನಿಯಮ ಎರಡೇ ಬಾಗಿಲು ತೆರೆದಿಟ್ಟಿದೆ.

ಮೊದಲನೆಯದು ನೀವು ಕಟ್ಟಿದ ಶುಲ್ಕ. ಮೇಲ್ಮನವಿ ಪುರಸ್ಕೃತವಾದರೆ ಅದನ್ನು ಎದುರು ಪಕ್ಷದಿಂದ, ಅಂದರೆ ವೀಸಾ ತೀರ್ಮಾನಿಸುವ ಹೋಮ್ ಆಫೀಸ್‌ನಿಂದ (ಬ್ರಿಟನ್ನಿನ ಗೃಹ ಇಲಾಖೆ), ಕೊಡಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ತೀರ್ಪಿನ ಕೊನೆಯ ಪುಟ ತೆಗೆದು ನೋಡಿ, ಶುಲ್ಕದ ಬಗ್ಗೆ ಒಂದೆರಡು ಸಾಲು ಇರಬಹುದು. ನನ್ನ ಕಕ್ಷಿದಾರರೊಬ್ಬರು ಗೆದ್ದರೂ ಆ 140 ಪೌಂಡ್ ಸಿಗಲಿಲ್ಲ. ಅವರು ಆರು ತಿಂಗಳ ಸಂಬಳದ ಚೀಟಿಗಳಲ್ಲಿ ಎರಡನ್ನು ಅರ್ಜಿಯ ಜೊತೆ ಲಗತ್ತಿಸದೆ, ವಿಚಾರಣೆಗೆ ವಾರವಿರುವಾಗ ಕೊಟ್ಟಿದ್ದರು. ಆ ಚೀಟಿಗಳು ಮೊದಲೇ ಇದ್ದಿದ್ದರೆ ಮೇಲ್ಮನವಿಯೇ ಬೇಕಿರಲಿಲ್ಲ ಎಂದರು ನ್ಯಾಯಾಧೀಶರು. ಆ ಮಾತು ಸರಿಯಾಗಿಯೇ ಇತ್ತು.

ಎರಡನೆಯದು, ಎದುರು ಪಕ್ಷ ಪ್ರಕರಣವನ್ನು ಅಸಮಂಜಸವಾಗಿ ನಡೆಸಿದ್ದರೆ ಅಥವಾ ವಕೀಲರ ತಪ್ಪಿನಿಂದ ಖರ್ಚು ವ್ಯರ್ಥವಾಗಿದ್ದರೆ. ಇಲ್ಲಿ ಮಟ್ಟ ಬಹಳ ಎತ್ತರ. ಅವರ ವಾದ ಸೋತಿತು ಎಂಬುದಷ್ಟೇ ಸಾಲದು, ಆ ನಡವಳಿಕೆಗೆ ಒಪ್ಪುವಂಥ ಕಾರಣವೇ ಇರಲಿಲ್ಲ ಎಂದು ತೋರಿಸಬೇಕು. ತೀರ್ಪು ಕಳುಹಿಸಿದ ದಿನದಿಂದ 28 ದಿನಗಳೊಳಗೆ ಅರ್ಜಿ ಹೋಗಬೇಕು. ನಿಮಗೆ ಒಂದು ವಾರ ಆಗಲೇ ಕಳೆದಿದೆ.

ಪ್ರಶ್ನೆ: ಮೇಡಂ, ನನ್ನ ತಮ್ಮನ ಉದ್ಯೋಗ ವೀಸಾಕ್ಕೆ ಮೇಲ್ಮನವಿಯ ಹಕ್ಕೇ ಇರಲಿಲ್ಲ. ಮೇಲಿನ ನ್ಯಾಯಮಂಡಳಿಯಲ್ಲಿ ನ್ಯಾಯಿಕ ಪರಿಶೀಲನೆ (ಆದೇಶ ಕಾನೂನುಬದ್ಧವೇ ಎಂಬ ಪರೀಕ್ಷೆ) ಕೋರಿದ್ದೇವೆ. ಈಗ ಹೋಮ್ ಆಫೀಸ್‌ನವರೇ ‘ಆದೇಶ ಹಿಂಪಡೆದು ಮರುಪರಿಶೀಲಿಸುತ್ತೇವೆ, ಖರ್ಚಿನ ಬಗ್ಗೆ ಯಾವ ಆದೇಶವೂ ಬೇಡ’ ಎಂಬ ರಾಜಿ ಪತ್ರ ಕಳುಹಿಸಿದ್ದಾರೆ. ಸಹಿ ಹಾಕೋಣವೇ?

ಉತ್ತರ: ದಯವಿಟ್ಟು ಇವತ್ತೇ ಹಾಕಬೇಡಿ! ನ್ಯಾಯಿಕ ಪರಿಶೀಲನೆಯ ಲೆಕ್ಕವೇ ಬೇರೆ. ಇಲ್ಲಿ ಸೋತವರು ಗೆದ್ದವರ ಖರ್ಚು ಕೊಡಬೇಕೆಂಬುದೇ ಮೂಲ ನಿಯಮ, ರಾಜಿಯಾದರೂ ಅದು ಅಳಿಸಿಹೋಗುವುದಿಲ್ಲ. 2012ರ ‘ಎಂ ವಿರುದ್ಧ ಕ್ರಾಯ್ಡನ್’ ತೀರ್ಪು ಹೇಳುವುದು ಇಷ್ಟು: ಕೇಳಿದ್ದೆಲ್ಲ ಸಿಕ್ಕಿದ್ದರೆ ಸಾಮಾನ್ಯವಾಗಿ ಖರ್ಚೂ ಸಿಗಬೇಕು, ಅರ್ಧ ಸಿಕ್ಕಿದ್ದರೆ ಯಾವ ಭಾಗ ಎಷ್ಟು ಮುಖ್ಯವಾಗಿತ್ತೆಂದು ತೂಗಿ ನೋಡಬೇಕು, ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಸಂಬಂಧವೇ ಇಲ್ಲದಿದ್ದರೆ ಬಹುತೇಕ ಅವರವರ ಖರ್ಚು ಅವರವರಿಗೆ.

ನಿಮ್ಮ ತಮ್ಮ ಕೇಳಿದ್ದೂ ಆದೇಶ ರದ್ದಾಗಿ ಮರುಪರಿಶೀಲನೆಯೇ ಆಗಿದ್ದರೆ, ಖರ್ಚು ಕೇಳುವ ಅವರ ವಾದಕ್ಕೆ ಬಲವಿದೆ. ದಾವೆಗೆ ಮುನ್ನ ಕಳುಹಿಸಿದ ಪತ್ರ ಹುಡುಕಿ ಇಟ್ಟುಕೊಳ್ಳಿ. ಆ ಪತ್ರದಲ್ಲೇ ಇದೇ ತಪ್ಪನ್ನು ತೋರಿಸಿದ್ದರೆ, ‘ಅಂದೇ ಒಪ್ಪಿದ್ದರೆ ಈ ಖರ್ಚೇ ಆಗುತ್ತಿರಲಿಲ್ಲ’ ಎನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ರಾಜಿಗೆ ಒಪ್ಪಿ, ಖರ್ಚಿನ ವಿಷಯವನ್ನು ಮಾತ್ರ ಲಿಖಿತ ವಾದದ ಮೇಲೆ ನ್ಯಾಯಮಂಡಳಿಯೇ ತೀರ್ಮಾನಿಸಲಿ ಎಂದು ಕೇಳಿ. ಆದರೂ ವಕೀಲರಿಗೆ ಕೊಟ್ಟ ಪ್ರತಿ ಪೌಂಡೂ ಮರಳುತ್ತದೆಂದು ಎಣಿಸಬೇಡಿ. ಸಮಂಜಸವಾದಷ್ಟನ್ನು, ಪ್ರಕರಣಕ್ಕೆ ತಕ್ಕಷ್ಟನ್ನು ಮಾತ್ರ ಕೊಡಿಸುತ್ತಾರೆ.

ಪ್ರಶ್ನೆ: ಸೋತರೆ?

ಉತ್ತರ: ನ್ಯಾಯಿಕ ಪರಿಶೀಲನೆಗೆ ಅನುಮತಿಯೇ ಸಿಗದಿದ್ದರೂ ಎದುರು ಪಕ್ಷ ಉತ್ತರ ಸಲ್ಲಿಸಲು ಮಾಡಿದ ಖರ್ಚನ್ನು ನಿಮ್ಮ ಮೇಲೆ ಹಾಕಬಹುದು. ನ್ಯಾಯಮಂಡಳಿಗಳಿಗೂ ಮೇಲಿನ ಮೇಲ್ಮನವಿ ನ್ಯಾಯಾಲಯದವರೆಗೆ ಹೋದರೆ ಅಲ್ಲಿಯೂ ಸೋತವರೇ ಕೊಡುವುದು ವಾಡಿಕೆ. ಕೆಳಗೆ ಖರ್ಚು ಕೊಡಿಸದ ನ್ಯಾಯಮಂಡಳಿಯಿಂದ ಬಂದ ಪ್ರಕರಣವಾದರೆ, ಖರ್ಚಿಗೆ ಮಿತಿ ಹಾಕಿ ಎಂದು ಆರಂಭದಲ್ಲೇ ಕೇಳಬಹುದು. ಈ ಅವಕಾಶವನ್ನು ಕಳೆದುಕೊಳ್ಳಬೇಡಿ.

ಹೋಮ್ ಆಫೀಸ್‌ಗೆ ಕೊಡಬೇಕೆಂದು ಆದೇಶವಾದ ಖರ್ಚನ್ನು ಕಟ್ಟದೆ ಬಿಟ್ಟರೆ, ವಲಸೆ ನಿಯಮಗಳ ಪ್ರಕಾರ ನಿಮ್ಮ ಮುಂದಿನ ವೀಸಾ ಅರ್ಜಿಯನ್ನೇ ಆ ಕಾರಣಕ್ಕೆ ತಿರಸ್ಕರಿಸಬಹುದು. ಒಮ್ಮೆಲೇ ಕಟ್ಟಲಾಗದಿದ್ದರೆ ಸುಮ್ಮನೆ ಕೂರಬೇಡಿ, ಕಂತಿಗೆ ಅವಕಾಶ ಕೋರಿ ಬರೆಯಿರಿ. ಕಟ್ಟಿದ ಪ್ರತಿ ಕಂತಿನ ರಸೀದಿಯನ್ನೂ ಪಾಸ್‌ಪೋರ್ಟ್ ಇಡುವ ಕಡೆಯೇ ಇಟ್ಟುಕೊಳ್ಳಿ.