ಕೆಂಪು ನಕ್ಷತ್ರ ನಮ್ಮತ್ತ ಬರುತ್ತಿದೆಯೆಂದು ತಿಳಿಯುವುದು ಹೇಗೆ?

ಪ್ರಶ್ನೆ:
ಬರ್ನಾರ್ಡ್ ನಕ್ಷತ್ರವು ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ ಎಂದು ಓದಿದೆ. ಹತ್ತಿರ ಬರುವ ಆಕಾಶಕಾಯದ ಬೆಳಕು ನೀಲಿಯ ಕಡೆಗೆ ಸರಿಯುತ್ತದೆ ಎನ್ನುತ್ತಾರೆ. ಆದರೆ ಈ ನಕ್ಷತ್ರದ ಬಣ್ಣವೇ ಕೆಂಪು. ಹಾಗಾದರೆ ಸರಿದಿರುವುದು ಯಾವುದು? ರೋಹಿತದ (ಬಣ್ಣಗಳಾಗಿ ಹರಡಿದ ಬೆಳಕಿನ ಪಟ್ಟಿಯ) ರೇಖೆಯೊಂದು ಸರಿದಿದೆ ಎನ್ನಬೇಕಾದರೆ ಅದರ ಮೂಲಸ್ಥಾನ ಗೊತ್ತಿರಬೇಕಲ್ಲವೇ?

ಉತ್ತರ 1:
ನಕ್ಷತ್ರದ ಬಣ್ಣವನ್ನು ನಿರ್ಧರಿಸುವುದು ಅದರ ಮೇಲ್ಮೈ ತಾಪ. ಇಷ್ಟು ವೇಗದಿಂದ ಆ ಬಣ್ಣದಲ್ಲಿ ಕಣ್ಣಿಗೆ ಕಾಣುವಂಥ ಬದಲಾವಣೆ ಆಗುವುದಿಲ್ಲ. ಸರಿಯುವುದನ್ನು ನಾವು ಗುರುತಿಸುವುದು ಧಾತುಗಳು ಬೆಳಕನ್ನು ಹೀರಿದಲ್ಲಿ ರೋಹಿತದಲ್ಲಿ ಮೂಡುವ ಕಪ್ಪು ರೇಖೆಗಳಿಂದ. ಪ್ರಯೋಗಾಲಯದಲ್ಲಿ ಸೋಡಿಯಂನ ಜೋಡಿರೇಖೆಗಳು 588.995 ಮತ್ತು 589.592 ನ್ಯಾನೋಮೀಟರ್ ತರಂಗಾಂತರದಲ್ಲಿರುತ್ತವೆ. ಈ ನಕ್ಷತ್ರದಲ್ಲಿ ಅವೆರಡೂ ಸುಮಾರು 0.216 ನ್ಯಾನೋಮೀಟರ್‌ನಷ್ಟು ನೀಲಿಯ ಕಡೆಗಿವೆ. ಈ ವ್ಯತ್ಯಾಸವನ್ನು ಮೂಲ ತರಂಗಾಂತರದಿಂದ ಭಾಗಿಸಿ, ಬೆಳಕಿನ ವೇಗದಿಂದ ಗುಣಿಸಿದರೆ ನೀವು ಓದಿದ 110 ದೊರೆಯುತ್ತದೆ.

ಒಂದೇ ರೇಖೆಯನ್ನು ನಂಬಿದ್ದರೆ ಅದು ಬೇರೆ ಧಾತುವಿನದೇನೋ ಎಂಬ ಸಂಶಯಕ್ಕೆ ಎಡೆಯಿರುತ್ತಿತ್ತು. ಆದರೆ ಸರಿತವು (ರೇಖೆ ಸರಿದ ಅಳತೆಯು) ತರಂಗಾಂತರಕ್ಕೆ ಅನುಪಾತದಲ್ಲಿರುವುದರಿಂದ ಸೋಡಿಯಂ, ಕ್ಯಾಲ್ಸಿಯಂ, ಕಬ್ಬಿಣ ಇವೆಲ್ಲವುಗಳ ರೇಖೆಗಳೂ ಒಂದೇ ವೇಗವನ್ನು ಹೇಳಬೇಕು, ಹೇಳುತ್ತವೆ ಕೂಡ. ನನ್ನ ಮಟ್ಟಿಗೆ ಈ ವಿಧಾನದ ನಿಜವಾದ ಬಲವಿರುವುದು ಇಲ್ಲಿಯೇ. ಅಳತೆಗೋಲಾಗಿ, ರೇಖೆಗಳ ಸ್ಥಾನ ನಿಖರವಾಗಿ ಗೊತ್ತಿರುವ ಥೋರಿಯಂ-ಆರ್ಗಾನ್ ದೀಪದ ಬೆಳಕನ್ನೂ ಅದೇ ಉಪಕರಣದಲ್ಲಿ ಹಾಯಿಸಿ ದಾಖಲಿಸುತ್ತಾರೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಾದರೆ ನಕ್ಷತ್ರದ ಒಟ್ಟು ವೇಗ ಇಷ್ಟೇ ಎಂದು ತಿಳಿಯಬಹುದೇ?

ಉತ್ತರ 2:
ಇಲ್ಲ. ರೇಖೆಗಳ ಸರಿತದಿಂದ ತಿಳಿಯುವುದು ನಮ್ಮ ದೃಷ್ಟಿರೇಖೆಯ ಗುಂಟ ಇರುವ ವೇಗ ಮಾತ್ರ. ಈ ನಕ್ಷತ್ರವು ಆಗಸದಲ್ಲಿ ವರ್ಷಕ್ಕೆ ಸುಮಾರು 10.4 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಜರುಗುತ್ತದೆ. ದೂರ ಸುಮಾರು 6 ಜ್ಯೋತಿರ್ವರ್ಷವಾದ್ದರಿಂದ ಅಡ್ಡಲಾಗಿ ಅದರ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 90 ಕಿಲೋಮೀಟರ್ ಆಗುತ್ತದೆ. ಈ ಎರಡು ವೇಗಗಳು ಪರಸ್ಪರ ಲಂಬವಾಗಿರುವುದರಿಂದ ಪೈಥಾಗೊರಸ್ ಪ್ರಮೇಯದಂತೆ ಸೇರಿಸಿದರೆ ಒಟ್ಟು ವೇಗ ಸೆಕೆಂಡಿಗೆ ಸುಮಾರು 142 ಕಿಲೋಮೀಟರ್ ಬರುತ್ತದೆ.

ಉತ್ತರ 3:
ಒಂದು ಮುಖ್ಯ ತಿದ್ದುಪಡಿಯನ್ನು ಸೇರಿಸುತ್ತೇನೆ. ಭೂಮಿಯೇ ಸೂರ್ಯನನ್ನು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುವುದರಿಂದ, ಬರ್ನಾರ್ಡ್ ನಕ್ಷತ್ರದ ವೇಗದ ಅಳತೆಯು ವರ್ಷದಲ್ಲಿ ಎರಡೂ ಕಡೆಗೆ ಸೆಕೆಂಡಿಗೆ ಸುಮಾರು 26 ಕಿಲೋಮೀಟರ್‌ವರೆಗೆ ಓಲಾಡುತ್ತದೆ. ಇದನ್ನು ಕಳೆಯದೆ ಯಾವ ಅಂಕಿಯನ್ನೂ ನಕ್ಷತ್ರದ್ದೆಂದು ಹೇಳುವಂತಿಲ್ಲ. ಈ ಲೆಕ್ಕ ಅತ್ಯಂತ ನಿಖರವಾಗಿದ್ದುದರಿಂದಲೇ 1995ರಲ್ಲಿ ಖಗೋಳವಿಜ್ಞಾನಿಗಳಾದ ಮೇಯರ್ ಮತ್ತು ಕೆಲೋ ಅವರು 51 ಪೆಗಾಸಿ ನಕ್ಷತ್ರದ ವೇಗವು ಸುಮಾರು 4.2 ದಿನಗಳಿಗೊಮ್ಮೆ, ಸೆಕೆಂಡಿಗೆ ಬರೀ 60 ಮೀಟರ್‌ನಷ್ಟು, ಏರಿಳಿಯುವುದನ್ನು ಗುರುತಿಸಿ, ಅದನ್ನು ಸುತ್ತುತ್ತಿರುವ ಗ್ರಹವನ್ನು ಪತ್ತೆಹಚ್ಚಿದರು.