ವಿಟ್‌ಸಂಡೇ ದ್ವೀಪಗಳಲ್ಲಿ ಐದು ದಿನ ಹಾಯಿದೋಣಿ: ಊರಿಂದ ಬರುವವರನ್ನು ಕರೆದುಕೊಂಡು ಹೋಗಬಹುದಾ?

ತುಂಗಾತೀರ, ಬ್ರಿಸ್ಬೇನ್

ಎಲ್ಲರಿಗೂ ನಮಸ್ಕಾರ. ಜುಲೈ ರಜೆಗೆ ಶಿವಮೊಗ್ಗದಿಂದ ನನ್ನ ಕಾಲೇಜು ಗೆಳತಿ, ಅವಳ ಗಂಡ, ಇಬ್ಬರು ಮಕ್ಕಳು ಬರುತ್ತಿದ್ದಾರೆ. ಜೊತೆಗೆ ಅವಳ ಅಮ್ಮ. ನಾವು ಮೂವರು ಸೇರಿ ಎಂಟು ಜನ. ಕ್ವೀನ್ಸ್‌ಲ್ಯಾಂಡ್ ಕರಾವಳಿಯಲ್ಲಿ ವಿಟ್‌ಸಂಡೇ ದ್ವೀಪಗಳಿಗೆ ಹೊರಡುವ ಊರು ಏರ್ಲಿ ಬೀಚ್. ಅಲ್ಲಿ ಕ್ಯಾಟಮರಾನ್ (ಜೋಡಿ ಒಡಲಿನ ಹಾಯಿದೋಣಿ) ಬಾಡಿಗೆಗೆ ತಗೊಂಡು ನಾವೇ ನಡೆಸಿಕೊಂಡು ಹೋಗೋಣ ಅಂತ ನಮ್ಮನೆಯವರ ಆಸೆ. ಅವರು ಮೂರು ವರ್ಷದಿಂದ ಮೋರ್ಟನ್ ಕೊಲ್ಲಿಯಲ್ಲಿ ಶನಿವಾರ ಶನಿವಾರ ಹಾಯಿ ನಡೆಸುತ್ತಾರೆ. ಲೈಸೆನ್ಸ್ ಬೇಡ ಅನ್ನುತ್ತಾರೆ, ನಿಜವಾ?

ನನಗೆ ಅಮ್ಮನದೇ ಚಿಂತೆ. 67 ವರ್ಷ. ಆಗುಂಬೆ ಘಾಟಿಯ ಬಸ್ಸಲ್ಲೇ ಅವರಿಗೆ ವಾಂತಿ ಆಗುತ್ತದೆ. ಸಮುದ್ರದಲ್ಲಿ ಐದು ದಿನ ತಡೆದುಕೊಳ್ಳುತ್ತಾರಾ? ಹೋದವರು ಯಾರಾದರೂ ಇದ್ದರೆ ಹೇಳಿ.

ಗೋಕರ್ಣದವ, ಟೌನ್ಸ್‌ವಿಲ್

ನಿಜ, ಅಲ್ಲಿ ಬಾಡಿಗೆ ದೋಣಿಗೆ ಲೈಸೆನ್ಸ್ ಬೇಡ. ಹೊರಡುವ ಮೊದಲು ಕಂಪನಿಯವರು ಕೆಲವು ಗಂಟೆ ಕೂರಿಸಿ ಎಲ್ಲಾ ಹೇಳಿಕೊಡುತ್ತಾರೆ. ದಿನಾ ರೇಡಿಯೋದಲ್ಲಿ ಎಲ್ಲಿದ್ದೀರಿ ಅಂತ ವಿಚಾರಿಸುತ್ತಾರೆ. ಸಂಜೆ 4ರ ಒಳಗೆ ಲಂಗರು ಬಿದ್ದಿರಬೇಕು. ಬಿಸಿಲು ಓರೆಯಾದರೆ ನೀರಿನ ಕೆಳಗಿನ ಹವಳ ಕಾಣುವುದಿಲ್ಲ. ಗಾಳಿ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ದಾಟಿದರೆ ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. ಧೈರ್ಯ ಸಾಲದಿದ್ದರೆ ಮೊದಲ ದಿನಕ್ಕೆ ಮಾತ್ರ ದೋಣಿ ನಡೆಸಲು ಸ್ಕಿಪ್ಪರ್ ಕೇಳಿ, ಸಿಗುತ್ತಾರೆ.

ಕಾಳಿಕಣಿವೆ, ಮೆಕಾಯ್

ಖಂಡಿತ ಕರೆದುಕೊಂಡು ಹೋಗಿ. ಆದರೆ ನೋಡುವ ಜಾಗ ಕಡಿಮೆ ಇಟ್ಟುಕೊಳ್ಳಿ.

2023ರ ಜುಲೈನಲ್ಲಿ ನಾವು ಹೋಗಿದ್ದೆವು, ಹುಬ್ಬಳ್ಳಿಯಿಂದ ಬಂದ ಗೆಳೆಯನ ಸಂಸಾರದ ಜೊತೆ. ಅಷ್ಟು ದೂರದಿಂದ ಬಂದಿದ್ದಾರೆ, ಎಲ್ಲಾ ತೋರಿಸಬೇಕು ಅಂತ ಐದು ದಿನಕ್ಕೆ ಏಳು ಜಾಗ ಬರೆದಿಟ್ಟಿದ್ದೆ. ಮೊದಲ ದಿನ ದಡಕ್ಕೂ ದ್ವೀಪಗಳಿಗೂ ನಡುವಿನ ವಿಟ್‌ಸಂಡೇ ಪ್ಯಾಸೇಜ್ ದಾಟುವಾಗ ಗೆಳೆಯನ ಹೆಂಡತಿ ಬಕೆಟ್ ಹಿಡಿದು ಕೂತವರು ತಲೆಯೇ ಎತ್ತಲಿಲ್ಲ. ಕೇಳಿದ್ದು ಒಂದೇ ಮಾತು: "ಅಣ್ಣಾರ, ಹೊಳ್ಳಿ ಹೋಗಾಕ ಆಗತೈತೇನ್ರಿ?" ಆ ದನಿ ನನಗಿನ್ನೂ ಮರೆತಿಲ್ಲ.

ತಪ್ಪು ನನ್ನದು. ಅಲ್ಲಿ ಉಬ್ಬರದ ನೀರು ದಕ್ಷಿಣಕ್ಕೆ ಹರಿಯುತ್ತದೆ, ಇಳಿತದ್ದು ಉತ್ತರಕ್ಕೆ. ಜುಲೈ ಅಂದರೆ ಇಲ್ಲಿ ಚಳಿಗಾಲ, ಆಗಿನ ಗಾಳಿ ಆಗ್ನೇಯದಿಂದ. ಉಬ್ಬರದ ಹೊತ್ತಿಗೆ ಹೊರಟರೆ ಗಾಳಿಗೂ ನೀರಿಗೂ ಎದುರಾಎದುರು ಜಗಳ. ಅಲೆ ಗಿಡ್ಡವಾಗಿ, ಕಡಿದಾಗಿ ಏಳುತ್ತದೆ. ಅದೇ ಗಾಳಿ, ಅದೇ ದಾರಿ, ಇಳಿತದಲ್ಲಿ ಹೊರಟರೆ ಎಷ್ಟೋ ಮೆತ್ತಗೆ. ನಾನು ಉಬ್ಬರ-ಇಳಿತದ ವೇಳಾಪಟ್ಟಿ ನೋಡದೆ ಗಡಿಯಾರ ನೋಡಿ ಹೊರಟಿದ್ದೆ. ಅಮ್ಮನನ್ನು ಇಳಿತದಲ್ಲೇ ದಾಟಿಸಿ. ಒಳಗೆ ಮಲಗಿಸಬೇಡಿ, ಹಿಂದುಗಡೆ ಗಾಳಿಗೆ ಕೂರಿಸಿ, ದೂರದ ಗುಡ್ಡ ನೋಡಲಿ. ಮಾತ್ರೆ ಯಾವುದು ಅಂತ ಊರಿನ ಡಾಕ್ಟರನ್ನೇ ಕೇಳಿಕೊಂಡು ಬರಲಿ.

ಆ ಸಂಜೆ ಹುಕ್ ದ್ವೀಪದ ನಾರಾ ಇನ್ಲೆಟ್ ಒಳಗೆ ಹೋದೆವು. ಎರಡೂ ಕಡೆ ಗುಡ್ಡ, ನಡುವೆ ಕೆರೆಯಂಥ ನೀರು. ಏಳು ಜಾಗದ ಪಟ್ಟಿ ಪಕ್ಕಕ್ಕಿಟ್ಟು ಎರಡು ರಾತ್ರಿ ಅಲ್ಲೇ ಉಳಿದೆವು. ಇಡೀ ಪ್ರವಾಸದಲ್ಲಿ ಎಲ್ಲರಿಗೂ ನೆನಪಿರುವುದು ಅದೇ ಜಾಗ. ಎಂಜಿನ್ ನಿಲ್ಲಿಸಿದ ಮೇಲೆ ಕತ್ತಲಲ್ಲಿ ಪಕ್ಕದಲ್ಲೇ ಯಾರೋ ಉಸಿರು ಬಿಟ್ಟ ಹಾಗೆ "ಹಾ" ಅಂತ ಸದ್ದು. ಗೆಳೆಯನ ಮಗಳು ನನ್ನ ಕೈ ಹಿಡಿದುಕೊಂಡಳು. ಟಾರ್ಚ್ ಬಿಟ್ಟರೆ ಆಮೆ! ತಲೆ ಎತ್ತಿ ಉಸಿರು ತಗೊಂಡು ಮತ್ತೆ ಮುಳುಗಿತು. ಅಲ್ಲೇ ಮೇಲೆ ಈ ದ್ವೀಪಗಳ ಮೂಲನಿವಾಸಿಗಳಾದ ಎನ್‌ಗಾರೋ ಜನರ ಗುಹೆ ಇದೆ, ಬಂಡೆಯ ಮೇಲೆ ಅವರು ಬರೆದ ಚಿತ್ರಗಳು. ಆ ಜನ ಅಲ್ಲಿ ಸುಮಾರು 9,000 ವರ್ಷದಿಂದ ಇದ್ದವರು. ದಾರಿ ಚಿಕ್ಕದು, ಆದರೆ ಏರು. ಅಮ್ಮ ನಿಧಾನಕ್ಕೆ ಹತ್ತಬಹುದು.

ವೈಟ್‌ಹೇವನ್ ಬೀಚ್ ಬಿಡಬೇಡಿ. 7 ಕಿಲೋಮೀಟರ್ ಬಿಳಿ ಮರಳು, ಶೇಕಡಾ 98 ಸಿಲಿಕಾ. ನಡುಮಧ್ಯಾಹ್ನವೂ ಕಾಲು ಸುಡುವುದಿಲ್ಲ. ಆ ಬೀಚಿನ ಉತ್ತರ ತುದಿಯ ಹಿಲ್ ಇನ್ಲೆಟ್ ಮೇಲಿಂದ ನೋಡಿದರೆ ನೀಲಿ ನೀರು, ಬಿಳಿ ಮರಳು ಸೇರಿದ ಸುರುಳಿಗಳು ನೀರು ಇಳಿದಾಗಲೇ ಚೆನ್ನಾಗಿ ಕಾಣುವುದು. ತೊಂದರೆ ಏನೆಂದರೆ, ಅಲ್ಲಿಗೆ ಹತ್ತಲು ಇಳಿಯುವ ಟಂಗ್ ಬೇಯಲ್ಲಿ ನೀರು ಪೂರ್ತಿ ಇಳಿದರೆ ಡಿಂಗಿ (ದಡಕ್ಕೆ ಹೋಗುವ ಪುಟ್ಟ ದೋಣಿ) ಹವಳದ ಕಟ್ಟೆ ಹತ್ತಿ ಕೂರುತ್ತದೆ. ನಾವು ನಾಲ್ಕು ಜನ ಹೊತ್ತು ಎಳೆದೆವು, ನನ್ನ ಪಾದ ಕೊಯ್ದುಹೋಯಿತು. ಅರ್ಧ ಇಳಿದಾಗ ಹೋಗಿ, ಬೇಗ ಬನ್ನಿ.

ತಿಮಿಂಗಿಲ ಕಂಡರೆ ಅಲ್ಲಿ 300 ಮೀಟರ್ ದೂರ ಇರಬೇಕು. ಮಕ್ಕಳು ಹತ್ತಿರ ಹೋಗೋಣ ಅಂತ ಹಟ ಮಾಡುತ್ತಾರೆ. ಬೇಡ.

ಮಲ್ಲಿಗೆ, ಗೋಲ್ಡ್ ಕೋಸ್ಟ್

ಅಡುಗೆ ಬಗ್ಗೆ ಒಂದು ಮಾತು. ದೋಣಿ ಓಡುವಾಗ ಒಗ್ಗರಣೆ ಹಾಕಬೇಡಿ. ನಾನು ಹಾಕಿದೆ. ದೋಣಿ ಒಮ್ಮೆ ವಾಲಿತು, ಕಾದ ಎಣ್ಣೆ ಒಲೆ ಮೇಲೆಲ್ಲಾ ಚೆಲ್ಲಿತು. ದೇವರ ದಯೆ, ಮಗು ಪಕ್ಕದಲ್ಲಿರಲಿಲ್ಲ. ಈಗ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಚಪಾತಿ ಮನೆಯಿಂದಲೇ. ಅನ್ನ ಮಾತ್ರ ಲಂಗರು ಹಾಕಿದ ಮೇಲೆ. ಟಾಯ್ಲೆಟ್ ಬಗ್ಗೆ ಬಂದವರಿಗೆ ಮೊದಲ ದಿನವೇ ಹೇಳಿ: ಟಿಶ್ಯೂ ಏನೂ ಹಾಕಬಾರದು, ಪಂಪ್ ಕಟ್ಟಿಕೊಂಡರೆ ಐದು ದಿನವೂ ಕಷ್ಟ. ಅವರು ಕೇಳಲು ಸಂಕೋಚ ಪಡುತ್ತಾರೆ, ನಾವೇ ತೋರಿಸಬೇಕು.

ತುಂಗಾತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರೇ ಜಾಗ ಅಂತ ಗುರುತು ಹಾಕಿದ್ದೇವೆ: ನಾರಾ ಎರಡು ರಾತ್ರಿ, ಟಂಗ್ ಬೇ, ಇನ್ನೊಂದು ಗಾಳಿ ನೋಡಿಕೊಂಡು. ಅಮ್ಮನಿಗೆ ಫೋನಲ್ಲಿ ಎಲ್ಲಾ ಹೇಳಿದೆ. ವಾಂತಿ ಬಗ್ಗೆ ಏನೂ ಕೇಳಲಿಲ್ಲ. "ಬೆಳಿಗ್ಗೆ ಸ್ನಾನಕ್ಕೆ ಬಿಸಿನೀರು ಇರತ್ತೇನೇ?" ಅಂತ ಮಾತ್ರ ಕೇಳಿದರು. ಇರುತ್ತಾ?

ಕಾಳಿಕಣಿವೆ, ಮೆಕಾಯ್

ಹೆಚ್ಚಿನ ದೋಣಿಗಳಲ್ಲಿ ಎಂಜಿನ್ ಓಡಿದಾಗ ನೀರು ಕಾಯುತ್ತದೆ. ಹಾಗಾಗಿ ಬೆಳಿಗ್ಗೆಗಿಂತ ಸಂಜೆ ಲಂಗರು ಬಿದ್ದ ತಕ್ಷಣ ಅವರ ಸ್ನಾನ ಮೊದಲು ಆಗಲಿ. ಮನೆಯಿಂದ ಒಂದು ಚೊಂಬು ಒಯ್ಯಿರಿ. ಶವರ್‌ಗಿಂತ ಅರ್ಧ ನೀರು ಸಾಕು, ಅವರಿಗೂ ಅದೇ ಅಭ್ಯಾಸ ಅಲ್ವಾ.