'ಕೊಲೆ ಮಾಡಿದ ಆರೋಪಿ': ಈ ಬಳಕೆ ಸರಿಯಾ?

ಗೆಳೆಯರೇ, ಒಂದು ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ, ಬಿಡಿಸಿಕೊಡಿ. 2021ರ ಮಾರ್ಚ್ 3ರ ರಾತ್ರಿ ಲಂಡನ್ನಿನಲ್ಲಿ ಮನೆಗೆ ನಡೆದು ಹೊರಟಿದ್ದ ಯುವತಿಯೊಬ್ಬಳು ಕಾಣೆಯಾದಳು. 9ರಂದು ಸಿಕ್ಕಿಬಿದ್ದವನು ಅಲ್ಲಿನ ಮೆಟ್ರೊಪಾಲಿಟನ್ ಪೊಲೀಸಿನವನೇ, ವೇಯ್ನ್ ಕಝನ್ಸ್. ಆ ವಾರದ ಸುದ್ದಿಯನ್ನು, ಆಯಾ ದಿನ ಗೊತ್ತಿದ್ದಷ್ಟೇ ಇಟ್ಟುಕೊಂಡು, ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೈಗೆ ಮೊದಲು ಬಂದ ಸಾಲು ಇದು: 'ಯುವತಿಯನ್ನು ಅಪಹರಿಸಿ ಕೊಲೆ ಮಾಡಿದ ಆರೋಪಿ ಪೊಲೀಸ್ ಅಧಿಕಾರಿ ಸೆರೆ'. ದಿನಾ ಓದುವಂಥದ್ದೇ, ಅಲ್ವಾ? ಆದರೆ 'ಕೊಲೆ ಮಾಡಿದ' ಅಂದಮೇಲೆ ಮಾಡಿಯಾಯಿತು. ಬಾಲಕ್ಕೆ 'ಆರೋಪಿ' ಅಂಟಿಸಿದರೆ ತೀರ್ಪು ವಾಪಸ್ ಬರುವುದಿಲ್ಲ. 'ಕೊಲೆ ಆರೋಪಿ' ಒಪ್ಪುತ್ತೇನೆ. 'ಕೊಲೆ ಮಾಡಿದ ಆರೋಪ ಹೊತ್ತವನು' ಅನ್ನುವುದೂ ನಡೆಯುತ್ತದೆ, ಯಾಕಂದ್ರೆ ಅಲ್ಲಿ 'ಮಾಡಿದ' ಹೋಗಿ ಕೂರುವುದು ಆರೋಪದ ಮೇಲೆ, ಮನುಷ್ಯನ ಮೇಲಲ್ಲ. 'ಕೊಂದನಂತೆ' ಅಂದರೆ 'ಅಂತೆ'ಯ ಎರಡಕ್ಷರದಲ್ಲಿ ಕೆಲಸ ಮುಗಿಯುತ್ತದೆ, ಆದರೆ ಹರಟೆಯ ವಾಸನೆ ಜಾಸ್ತಿ.

ಇನ್ನೊಂದು ತೊಡಕು, 9ರಂದು ಅವನು 'ಆರೋಪಿ'ಯೂ ಅಲ್ಲ. ನಮ್ಮಲ್ಲಿ ಎಫ್‌ಐಆರ್‌ನಲ್ಲಿ ಹೆಸರು ಬಂದರೆ ಸಾಕು, ಆರೋಪಿ. ಬ್ರಿಟನ್ನಿನಲ್ಲಿ ಹಿಡಿದದ್ದು ಬರೀ ಶಂಕೆಯ ಮೇಲೆ. ಅಧಿಕೃತವಾಗಿ ಆರೋಪ ಹೊರಿಸಿದ್ದು 12ರಂದು. ನಡುವಿನ ಮೂರು ದಿನಕ್ಕೆ 'ಶಂಕಿತ' ಬರೆದೆ. ಸಂಸ್ಕೃತದಲ್ಲಿ ಈ ಪದಕ್ಕೆ 'ಶಂಕೆಗೆ ಗುರಿಯಾದವನು' ಅಂತಲೂ 'ಶಂಕೆ, ಅಂಜಿಕೆ ಉಳ್ಳವನು' ಅಂತಲೂ ಅರ್ಥವಿದೆ. ಕನ್ನಡದಲ್ಲಿ ಮೊದಲನೆಯದು ಗಟ್ಟಿಯಾಗಿದೆ, ಸರಿ. ಆದರೂ 'ಶಂಕಿತ ಕೊಲೆ' ಅಂದಾಗ ಶಂಕೆ ಕೊಲೆ ನಡೆದದ್ದರ ಬಗ್ಗೆಯೋ, ಕೊಂದವನ ಬಗ್ಗೆಯೋ? ನನಗೆ 'ಅವನ ಮೇಲೆ ಗುಮಾನಿ' ಅನ್ನುವುದೇ ಹೆಚ್ಚು ನೇರ ಅನಿಸುತ್ತದೆ.

ಆ ದಿನಗಳಲ್ಲಿ ಅಲ್ಲಿನ ಪೊಲೀಸರು ಜನರಿಗೆ ಕೇಳಿಕೊಂಡದ್ದು, ಊಹಾಪೋಹ ಬೇಡ ಅಂತ. 1981ರ ಅವರ ನ್ಯಾಯಾಂಗ ನಿಂದನೆ ಕಾಯ್ದೆಯೂ ಬಂಧನವಾದ ಕ್ಷಣದಿಂದಲೇ ಪತ್ರಿಕೆಗಳ ಕೈಕಟ್ಟುತ್ತದೆ. ಈ 'ಊಹಾಪೋಹ' ತಮಾಷೆಯ ಪದ. ಊಹ ಮತ್ತು ಅಪೋಹ, ಅಂದರೆ ಒಂದು ಮಾತನ್ನು ಊಹಿಸಿ, ನಿಲ್ಲದಿದ್ದರೆ ತಳ್ಳಿಹಾಕಿ, ಹಿಂದೆ ಮುಂದೆ ತೂಗಿ ನೋಡುವುದು. ನಾವು ತಳ್ಳಿಹಾಕುವ ಅರ್ಧವನ್ನು ಮರೆತು, ಪದವನ್ನು ಗಾಳಿಸುದ್ದಿಗೆ ಕೊಟ್ಟುಬಿಟ್ಟಿದ್ದೇವೆ.

'ಅಧಿಕಾರಿ'ಯೂ ತಪ್ಪೇ. ವೇಯ್ನ್ ಕಝನ್ಸ್ ಕಾನ್‌ಸ್ಟೇಬಲ್. ಇಂಗ್ಲಿಷಿನಲ್ಲಿ 'ಆಫೀಸರ್' ಅಂದರೆ ಕಾನ್‌ಸ್ಟೇಬಲ್ ಕೂಡ ಸೇರುತ್ತಾನೆ, ಕನ್ನಡದ ಕಿವಿಗೆ ಅಧಿಕಾರಿ ಅಂದರೆ ಸಬ್ ಇನ್‌ಸ್ಪೆಕ್ಟರಿಗಿಂತ ಕೆಳಗೆ ಇಳಿಯುವುದಿಲ್ಲ. ಅದಕ್ಕಿಂತ ಕಾಡಿದ್ದು ಬಹುವಚನ. ನಿನ್ನೆವರೆಗೆ 'ಅವರು', ಕೋಳ ಬಿದ್ದ ಕೂಡಲೇ 'ಅವನು'. ನಾನೇ ಮೇಲೆ 'ಸಿಕ್ಕಿಬಿದ್ದವನು' ಅಂತ ಬರೆದಿದ್ದೇನೆ ನೋಡಿ! ಜುಲೈನಲ್ಲಿ ಅವನು ಕೊಲೆಯ ತಪ್ಪೊಪ್ಪಿಕೊಂಡ, ಸೆಪ್ಟೆಂಬರ್ 30ಕ್ಕೆ ಸಾಯುವವರೆಗೂ ಜೈಲು ಅಂತಾಯಿತು. ಹಾಗಾಗಿ ಈಗ ಏಕವಚನ ನಡೆಯುತ್ತದೆ. ಆದರೆ ಮಾರ್ಚ್ 9ರ ಸಾಲಿನಲ್ಲಿ? ನಾನಂತೂ ಸುಮ್ನೆ 'ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರನ್ನು' ಅಂತ ಬರೆದಿಟ್ಟಿದ್ದೇನೆ.

ಕೊನೆಗೆ ಅಸಲು ಪ್ರಶ್ನೆ. ವಿಚಾರಣೆಯಲ್ಲಿ ಹೊರಬಿದ್ದಂತೆ, ಅವನು ಗುರುತಿನ ಕಾರ್ಡ್ ತೋರಿಸಿ, ಕೈಕೋಳ ಹಾಕಿ, ಕೋವಿಡ್ ನಿಯಮ ಮುರಿದಿದ್ದೀಯ ಎಂಬ ನೆಪದಲ್ಲಿ ಆಕೆಯನ್ನು ಕಾರಿಗೆ ಹತ್ತಿಸಿಕೊಂಡಿದ್ದ. ಪಕ್ಕದಲ್ಲಿ ಹಾದುಹೋದ ಕಾರಿನವರು ಕಣ್ಣಾರೆ ಕಂಡರೂ, ಮಫ್ತಿ ಪೊಲೀಸ್ ಯಾರನ್ನೋ ಬಂಧಿಸುತ್ತಿದ್ದಾನೆ ಅಂದುಕೊಂಡು ಮುಂದೆ ಹೋದರು. ಇದಕ್ಕೆ 'ಅಪಹರಣ' ಅಂದರೆ ಕೋಳ, ಕಾರ್ಡ್ ಎರಡೂ ಮರೆಯಾಗುತ್ತವೆ. 'ಬಂಧನ' ಅಂದರೆ ಸುಳ್ಳಾಗುತ್ತದೆ. ಮಾತಿನಲ್ಲಿ 'ಎತ್ತಾಕ್ಕೊಂಡು ಹೋದ' ಇದೆ, ಅದನ್ನು ಪೊಲೀಸರಿಗೂ ಅಂತೀವಿ, ರೌಡಿಗಳಿಗೂ ಅಂತೀವಿ. ಬರವಣಿಗೆಗೆ ಇಂಥ ಎರಡೂ ಕಡೆಯ ಪದ ಯಾರಿಗಾದರೂ ಹೊಳೆಯುತ್ತದೆಯೇ? 'ಬಂಧನದ ಸೋಗಿನಲ್ಲಿ ಅಪಹರಣ' ಅಂತ ಉದ್ದಕ್ಕೆ ಎಳೆಯದೆ?